ಪೌರತ್ವ ಪರೀಕ್ಷೆಗೆ ಅಮೆರಿಕದ ಇತಿಹಾಸ: ಉರು ಹೊಡೆಯದೆ ಓದುವ ಕ್ರಮ

ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷವಾಯಿತು, ಪೌರತ್ವಕ್ಕೆ ಅರ್ಜಿ ಹಾಕಬೇಕು. ಸರ್ಕಾರದ ರಚನೆಯ ಪ್ರಶ್ನೆಗಳು ಹೇಗೋ ತಲೆಗೆ ಹತ್ತುತ್ತವೆ, ಇತಿಹಾಸ ಮಾತ್ರ ಇವತ್ತು ಓದಿದ್ದು ನಾಳೆಗೆ ಇರುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು, ಅದರಲ್ಲೂ ಮಕ್ಕಳ ಜೊತೆ ಬಂದು ನೆಲೆಸಿದ ಅಪ್ಪ-ಅಮ್ಮಂದಿರು, ಮತ್ತೆ ಮತ್ತೆ ಕೇಳುವುದು ಇದನ್ನೇ.

ತಪ್ಪು ನಿಮ್ಮ ನೆನಪಿನ ಶಕ್ತಿಯದಲ್ಲ. ಪ್ರಶ್ನೆಪಟ್ಟಿ ಇತಿಹಾಸವನ್ನು ಬಿಡಿ ಹೂವಿನಂತೆ ಕೈಗೆ ಕೊಡುತ್ತದೆ, ಕಟ್ಟುವ ದಾರ ಕೊಡುವುದಿಲ್ಲ. ಇಲ್ಲಿ ಹೇಳುವ ಕ್ರಮದಲ್ಲಿ ದಾರ ಒಂದೇ ಪ್ರಶ್ನೆ: ಆ ಹೊತ್ತಿಗೆ ಈ ದೇಶದ ಪ್ರಜೆ ಎನಿಸಿಕೊಂಡವರು ಯಾರು, ಹೊರಗೆ ಉಳಿದವರು ಯಾರು? ಅಮೆರಿಕದ ಪ್ರತಿಯೊಂದು ದೊಡ್ಡ ತಿರುವಿನಲ್ಲೂ ಈ ಪ್ರಶ್ನೆಯ ಉತ್ತರ ಒಂದಿಷ್ಟು ಬದಲಾಗಿದೆ. ಪೌರತ್ವ ಕೇಳಲು ಹೊರಟವರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿಲ್ಲ.

ಮೊದಲು ನಿಯಮ ನೋಡಿಕೊಳ್ಳಿ

ನಾಗರಿಕ ಜ್ಞಾನದ ಈ ಪರೀಕ್ಷೆ ಬಾಯಿಮಾತಿನದು. ಸಂದರ್ಶನದ ಅಧಿಕಾರಿ ಕೇಳುತ್ತಾರೆ, ನೀವು ಹೇಳಬೇಕು. ಪೌರತ್ವದ ಅರ್ಜಿಗೆ ಎನ್-400 ಎಂದು ಹೆಸರು. ಅದನ್ನು ನೀವು ಸಲ್ಲಿಸಿದ ದಿನಾಂಕದ ಮೇಲೆ ಯಾವ ಪರೀಕ್ಷೆ ಎಂಬುದು ನಿಂತಿದೆ. 2025ರ ಅಕ್ಟೋಬರ್ 20ಕ್ಕಿಂತ ಮೊದಲು ಸಲ್ಲಿಸಿದವರಿಗೆ ಹಳೆಯ ಪಟ್ಟಿ: 100 ಪ್ರಶ್ನೆಗಳಲ್ಲಿ 10ರವರೆಗೆ ಕೇಳುತ್ತಾರೆ, 6 ಸರಿಯಾಗಬೇಕು. ಅಂದಿನಿಂದ ಮುಂದೆ ಸಲ್ಲಿಸಿದವರಿಗೆ ಹೊಸ ಪಟ್ಟಿ: 128 ಪ್ರಶ್ನೆಗಳಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. ನಿಯಮಗಳು ಬದಲಾಗುತ್ತಿರುತ್ತವೆ. ಹಾಗಾಗಿ ಓದಲು ಕೂರುವ ಮೊದಲು ಯುಎಸ್‌ಸಿಐಎಸ್, ಅಂದರೆ ಪೌರತ್ವ ಮತ್ತು ವಲಸೆ ಸೇವೆಯ ಜಾಲತಾಣದಿಂದಲೇ ಪಟ್ಟಿ ಇಳಿಸಿಕೊಳ್ಳಿ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್ ಹಳೆಯದಾಗಿರುವುದೇ ಹೆಚ್ಚು.

ಹಿರಿಯರ ವಿಷಯದಲ್ಲಿ ಆಗುವ ದೊಡ್ಡ ತಪ್ಪು ತಿಳುವಳಿಕೆ ಒಂದಿದೆ. "ಅಮ್ಮನಿಗೆ ಎಪ್ಪತ್ತಾಯಿತು, ಕನ್ನಡದಲ್ಲೇ ಕೇಳುತ್ತಾರೆ" ಎಂದುಕೊಂಡು ಸುಮ್ಮನಿರುತ್ತಾರೆ. ವಯಸ್ಸೊಂದೇ ಸಾಲದು, ಗ್ರೀನ್ ಕಾರ್ಡ್ ಪಡೆದು ಎಷ್ಟು ವರ್ಷವಾಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. 50 ದಾಟಿ 20 ವರ್ಷ ಗ್ರೀನ್ ಕಾರ್ಡ್ ಇದ್ದವರಿಗೆ, 55 ದಾಟಿ 15 ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಅವರು ಇತಿಹಾಸದ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು. 65 ದಾಟಿ 20 ವರ್ಷ ಇದ್ದವರಿಗೆ ಪಟ್ಟಿಯಲ್ಲಿ ನಕ್ಷತ್ರದ ಗುರುತಿರುವ 20 ಪ್ರಶ್ನೆಗಳು ಮಾತ್ರ. ಅವುಗಳಲ್ಲಿ 10 ಕೇಳುತ್ತಾರೆ, 6 ಸರಿಯಾದರೆ ಸಾಕು. ವಿಸಿಟರ್ ವೀಸಾದಲ್ಲಿ ಬಂದುಹೋದ ವರ್ಷಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಮರೆವಿನ ಕಾಯಿಲೆಯಂಥ ತೊಂದರೆಯಿಂದ ಓದಲು, ಕಲಿಯಲು ಆಗದವರಿಗೆ ವೈದ್ಯರು ತುಂಬಿಕೊಡುವ ಎನ್-648 ಎಂಬ ಬೇರೆಯೇ ಅರ್ಜಿ ಇದೆ.

ಬೇಕಾಗುವ ಸಾಮಗ್ರಿ

ಮುದ್ರಿಸಿದ ಪ್ರಶ್ನೆಪಟ್ಟಿ, 100 ಪುಟದ ಗೆರೆ ಹಾಕಿದ ನೋಟ್‌ಬುಕ್, 50 ರಾಜ್ಯಗಳ ಹೆಸರಿರುವ ಒಂದು ಭೂಪಟ, ಎರಡು ಬಣ್ಣದ ಪೆನ್ನು. ದಿನಕ್ಕೆ 40 ನಿಮಿಷದಂತೆ ನಾಲ್ಕು ವಾರ.

ನೋಟ್‌ಬುಕ್‌ನಲ್ಲಿ ಒಂದು ತಿರುವಿಗೆ ಒಂದು ಪುಟ. ಪ್ರತಿ ಪುಟದಲ್ಲೂ ನಾಲ್ಕೇ ಸಾಲು: ಯಾವಾಗ, ಯಾಕೆ, ಏನಾಯಿತು, ಆಮೇಲೆ ಪ್ರಜೆ ಯಾರು. ಕನ್ನಡದಲ್ಲಿ ಬರೆಯಿರಿ. ಉತ್ತರವಾಗಿ ಹೇಳಬೇಕಾದ ಇಂಗ್ಲಿಷ್ ಪದವನ್ನು ಮಾತ್ರ ಇನ್ನೊಂದು ಬಣ್ಣದಲ್ಲಿ ಪಕ್ಕಕ್ಕೆ ಬರೆಯಿರಿ. ಯಾವ ಭಾಷೆಯಲ್ಲಿ ಯೋಚಿಸುತ್ತೀರೋ ಅದೇ ಭಾಷೆಯಲ್ಲಿ "ಯಾಕೆ" ಎಂಬುದು ಕೂರಬೇಕು. ಅದು ಕೂತರೆ ಇಂಗ್ಲಿಷ್ ಪದ ತಾನಾಗಿ ಅಂಟಿಕೊಳ್ಳುತ್ತದೆ.

ಹಂತ 1: ಮೂರು ಇಸವಿಗಳಲ್ಲಿ ವಸಾಹತು ಕಾಲ

ಮೊದಲ ಪುಟಕ್ಕೆ 1607, 1619, 1620 ಸಾಕು. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರ ಮೊದಲ ಶಾಶ್ವತ ನೆಲೆ ಊರಿತು. ಅವರು ಬಂದದ್ದು ಲಾಭಕ್ಕೆ, ಕಳಿಸಿದ್ದು ಒಂದು ವ್ಯಾಪಾರಿ ಕಂಪನಿ. 1619ರಲ್ಲಿ ಅದೇ ವರ್ಜೀನಿಯಾದಲ್ಲಿ ಎರಡು ಸಂಗತಿ ನಡೆದವು. ವಸಾಹತಿನ ಮೊದಲ ಚುನಾಯಿತ ಸಭೆ ಸೇರಿತು, ಸೆರೆಹಿಡಿದು ತಂದ ಆಫ್ರಿಕನ್ನರನ್ನು ಅದೇ ತೀರದಲ್ಲಿ ಮೊದಲ ಬಾರಿಗೆ ಮಾರಲಾಯಿತು. ಸ್ವಯಂ ಆಡಳಿತ, ಗುಲಾಮಗಿರಿ ಎರಡೂ ಒಂದೇ ವರ್ಷ ಒಂದೇ ನೆಲದಲ್ಲಿ ಬೇರೂರಿದವು. ಈ ಸಾಲಿಗೆ ಅಡಿಗೆರೆ ಎಳೆಯಿರಿ, ಮುಂದಿನ ಇನ್ನೂರೈವತ್ತು ವರ್ಷದ ಜಗಳ ಇದರೊಳಗೇ ಇದೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪಿಲ್‌ಗ್ರಿಮ್‌ಗಳು, ಅಂದರೆ ತಮ್ಮ ಮತಾಚರಣೆಗೆ ಸ್ವಾತಂತ್ರ್ಯ ಹುಡುಕಿ ಹೊರಟವರು, ಪ್ಲಿಮತ್‌ಗೆ ಬಂದಿಳಿದರು.

ಎಚ್ಚರಿಕೆ: ಯುರೋಪಿಯನ್ನರು ಬರುವ ಮೊದಲು ಇಲ್ಲಿ ಯಾರಿದ್ದರು ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಳ್ಳಿ. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿದ್ದ "ರೆಡ್ ಇಂಡಿಯನ್" ಎಂಬ ಮಾತನ್ನು ಅಲ್ಲಿ ಆಡಬೇಡಿ, ಅದು ಅವಮಾನದ ಮಾತು. "ನೇಟಿವ್ ಅಮೆರಿಕನ್ಸ್" ಅಥವಾ "ಅಮೆರಿಕನ್ ಇಂಡಿಯನ್ಸ್" ಎನ್ನಿ. ಚೆರೋಕಿ, ನವಾಹೊ, ಸೂ ಎಂಬ ಮೂರು ಬುಡಕಟ್ಟುಗಳ ಹೆಸರು ಬಾಯಲ್ಲಿರಲಿ. ಇತಿಹಾಸದ ಪ್ರಶ್ನೆಯಲ್ಲಿ "ಇಂಡಿಯನ್" ಎಂದು ಬಂದರೆ ಅದು ನಾವಲ್ಲ, ಅವರು.

ಹಂತ 2: 1763ರಿಂದ 1783, ಚಹಾದ ಪೆಟ್ಟಿಗೆಗಳನ್ನು ಹತ್ತಿರದಿಂದ ನೋಡಿ

ಸ್ವಾತಂತ್ರ್ಯ ಯುದ್ಧ 1775ರಲ್ಲಿ ಆರಂಭವಾದರೂ ಅದನ್ನು 1763ರಿಂದ ಓದಬೇಕು. ಆ ವರ್ಷ ಬ್ರಿಟನ್ ಫ್ರಾನ್ಸನ್ನು ಸೋಲಿಸಿ ಏಳು ವರ್ಷಗಳ ಯುದ್ಧ ಮುಗಿಸಿತು. ಗೆದ್ದ ಬ್ರಿಟನ್ನಿನ ತಲೆ ಮೇಲೆ ಸಾಲದ ಹೊರೆ ಬಿತ್ತು. ಅದನ್ನು ಇಳಿಸಿಕೊಳ್ಳಲು ಅದು ವಸಾಹತುಗಳತ್ತ ಕೈ ಚಾಚಿತು. 1765ರ ಸ್ಟ್ಯಾಂಪ್ ಕಾಯ್ದೆಯಿಂದ ಪತ್ರಿಕೆ, ಕರಾರುಪತ್ರ, ಇಸ್ಪೀಟು ಎಲೆಗೂ ತೆರಿಗೆ ಬಿತ್ತು. ಲಂಡನ್ನಿನ ಸಂಸತ್ತಿನಲ್ಲಿ ನಮಗೊಬ್ಬ ಪ್ರತಿನಿಧಿ ಇಲ್ಲ, ಹಾಗಾದರೆ ತೆರಿಗೆ ಯಾಕೆ ಎಂದು ವಸಾಹತುಗಳು ಸಿಡಿದವು. ಯುದ್ಧದ ಕಾರಣ ಕೇಳಿದರೆ ಹೇಳಬೇಕಾದ ಉತ್ತರ ಇದೇ.

ಇನ್ನು 1773ರ ಡಿಸೆಂಬರ್ 16ರ ರಾತ್ರಿ, ಬಾಸ್ಟನ್ ಬಂದರು. ಡಾರ್ಟ್‌ಮತ್, ಎಲಿನರ್, ಬೀವರ್ ಎಂಬ ಮೂರು ಹಡಗು, 342 ಪೆಟ್ಟಿಗೆ ಚಹಾ. ಮೋಹಾಕ್ ಬುಡಕಟ್ಟಿನವರಂತೆ ವೇಷ ಹಾಕಿದ ಜನ ಪೆಟ್ಟಿಗೆಗಳನ್ನು ಒಡೆದು ಮೂರು ಗಂಟೆಯೊಳಗೆ ಅಷ್ಟನ್ನೂ ನೀರಿಗೆ ಸುರಿದರು. ಸಮುದ್ರ ಇಳಿತದ ಹೊತ್ತಾದ್ದರಿಂದ ಸೊಪ್ಪು ಕೊಚ್ಚಿಕೊಂಡು ಹೋಗದೆ ಹಡಗಿನ ಪಕ್ಕದಲ್ಲೇ ರಾಶಿ ಬಿತ್ತು.

ಇಲ್ಲಿ ನಮ್ಮವರು ಎಡವುವುದು ಎರಡು ಕಡೆ. ಒಂದು, ಚಹಾ ಈಸ್ಟ್ ಇಂಡಿಯಾ ಕಂಪನಿಯದು ಎಂದ ಕೂಡಲೇ ಅದು ಭಾರತದ ಚಹಾ ಎಂದುಕೊಳ್ಳುವುದು. ಅಸ್ಸಾಮಿನ ಚಹಾ ತೋಟಗಳು ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಬಾಸ್ಟನ್‌ನಲ್ಲಿ ನೀರು ಪಾಲಾದದ್ದು ಚೀನಾದ ಚಹಾ. ಎರಡು, ಚಹಾದ ಬೆಲೆ ಏರಿದ್ದಕ್ಕೆ ದಂಗೆ ಎದ್ದರು ಎಂಬ ಊಹೆ. 1773ರ ಕಾಯ್ದೆಯಿಂದ ಕಂಪನಿಯ ಚಹಾ ಅಗ್ಗವಾಯಿತು. ಅಗ್ಗದ ಚಹಾ ಕುಡಿದರೆ ತೆರಿಗೆಯ ಅಧಿಕಾರವನ್ನೂ ನುಂಗಿದಂತೆ ಎಂಬುದು ಅವರ ಸಿಟ್ಟು, ಸ್ಥಳೀಯ ವರ್ತಕರಿಗೆ ತಮ್ಮ ವ್ಯಾಪಾರ ಹೋಗುವ ಭಯ.

ಮುಂದಿನದನ್ನು ನಾಲ್ಕು ದಿನಾಂಕಗಳಲ್ಲಿ ಹಿಡಿಯಿರಿ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಮೊದಲ ಗುಂಡು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ, ಅದನ್ನು ಬರೆದದ್ದು ಥಾಮಸ್ ಜೆಫರ್ಸನ್. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಜನರಲ್ ಕಾರ್ನ್‌ವಾಲಿಸ್ ಶರಣಾಗತಿ. 1783ರಲ್ಲಿ ಪ್ಯಾರಿಸ್ ಒಪ್ಪಂದ, ಬ್ರಿಟನ್ನಿನಿಂದ ಮಾನ್ಯತೆ.

ಕಾರ್ನ್‌ವಾಲಿಸ್ ಹೆಸರು ಕನ್ನಡಿಗರಿಗೆ ಹೊಸದಲ್ಲ. ಯಾರ್ಕ್‌ಟೌನ್‌ನಲ್ಲಿ ಸೋತ ಅದೇ ಮನುಷ್ಯ 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಪಡೆದುಹೋದ. ಯಾರ್ಕ್‌ಟೌನ್ ಕದನದ ವರ್ಷವೇ ಹೈದರಾಲಿ ತಮಿಳು ನಾಡಿನ ತೀರದಲ್ಲಿ ಬ್ರಿಟಿಷರ ಜೊತೆ ಕಾದುತ್ತಿದ್ದ. ಬ್ರಿಟನ್ನಿನ ಶತ್ರು ತಮ್ಮ ಮಿತ್ರ ಎಂದು ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ "ಹೈದರ್ ಅಲಿ" ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು. ಇದು ಪರೀಕ್ಷೆಗೆ ಬರುವುದಿಲ್ಲ. ಆದರೆ 1781 ಎಂಬ ಇಸವಿ ಇನ್ನು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಹಂತ 3: ಘೋಷಣೆ ಬೇರೆ, ಸಂವಿಧಾನ ಬೇರೆ

ಅತಿ ಹೆಚ್ಚು ಜನ ಅಂಕ ಕಳೆದುಕೊಳ್ಳುವ ಗೊಂದಲ ಇದು. 1776ರದ್ದು ಘೋಷಣೆ, 1787ರದ್ದು ಸಂವಿಧಾನ. ನಮಗೆ 1947 ಮತ್ತು 1950 ಹೇಗೋ ಹಾಗೆ, ನಡುವಿನ ಅಂತರ ಮಾತ್ರ ಹನ್ನೊಂದು ವರ್ಷ. ಘೋಷಣೆಗೆ ಜೆಫರ್ಸನ್, ಸಂವಿಧಾನಕ್ಕೆ ಜೇಮ್ಸ್ ಮ್ಯಾಡಿಸನ್ ಎಂದು ಜೋಡಿ ಮಾಡಿ ಬರೆದಿಡಿ. ಸಂವಿಧಾನ ಬರೆಯುವಾಗ ಜೆಫರ್ಸನ್ ರಾಯಭಾರಿಯಾಗಿ ಫ್ರಾನ್ಸಿನಲ್ಲಿದ್ದ ಎಂಬುದು ನೆನಪಿದ್ದರೆ ಇಬ್ಬರೂ ಅದಲುಬದಲಾಗುವುದಿಲ್ಲ.

ನಡುವೆ ಇದ್ದದ್ದು "ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್" ಎಂಬ ಸಡಿಲ ಒಪ್ಪಂದ. ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. 1786ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಡ್ಯಾನಿಯಲ್ ಶೇಸ್ ಎಂಬ ಮಾಜಿ ಯೋಧನ ಹಿಂದೆ ನಿಂತು ನ್ಯಾಯಾಲಯಗಳನ್ನೇ ಮುಚ್ಚಿಸಿದಾಗ ಈ ವ್ಯವಸ್ಥೆ ನಡೆಯದು ಎಂಬುದು ಎಲ್ಲರಿಗೂ ಖಾತ್ರಿಯಾಯಿತು. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ 55 ಪ್ರತಿನಿಧಿಗಳು ಕಿಟಕಿ ಮುಚ್ಚಿಕೊಂಡು ಕೂತು ಚರ್ಚಿಸಿದರು, ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷರಾದರು. 1791ರಲ್ಲಿ ಮೊದಲ ಹತ್ತು ತಿದ್ದುಪಡಿಗಳು ಸೇರಿದವು, ಅವಕ್ಕೆ "ಬಿಲ್ ಆಫ್ ರೈಟ್ಸ್" ಎನ್ನುತ್ತಾರೆ. ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗದಂತೆ.

ಈ ಪುಟದ ನಾಲ್ಕನೇ ಸಾಲು ತೂಕದ್ದು. ಸಂವಿಧಾನ "ನಾವು ಜನರು" ಎಂದು ಶುರುವಾಯಿತು, ಒಳಗೆ ಜನಸಂಖ್ಯೆಯ ಲೆಕ್ಕಕ್ಕೆ ಐವರು ಗುಲಾಮರು ಮೂವರಿಗೆ ಸಮ ಎಂದು ಬರೆದುಕೊಂಡಿತು. 1790ರ ಮೊದಲ ಪೌರತ್ವ ಕಾಯ್ದೆ, ಹೊರಗಿನಿಂದ ಬಂದವರಲ್ಲಿ "ಸ್ವತಂತ್ರ ಬಿಳಿಯ ವ್ಯಕ್ತಿ"ಗೆ ಮಾತ್ರ ಪ್ರಜೆಯಾಗುವ ಅವಕಾಶ ಕೊಟ್ಟಿತು. ಈ ಬಿಳಿಯ ಎಂಬ ಪದವನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ, ಏಳನೇ ಹಂತದಲ್ಲಿ ಒಬ್ಬ ಭಾರತೀಯ ಇದಕ್ಕೆ ತಲೆ ಒಡ್ಡುತ್ತಾನೆ. ನೀವು ಈಗ ಪಾಲಿಸುತ್ತಿರುವ ಐದು ವರ್ಷದ ವಾಸದ ನಿಯಮ 1795ರ ಕಾಯ್ದೆಯಲ್ಲಿ ಬಂದದ್ದು. 1798ರಲ್ಲಿ ಅದನ್ನು 14 ವರ್ಷಕ್ಕೆ ಏರಿಸಿ, 1802ರಲ್ಲಿ ಮತ್ತೆ ಐದಕ್ಕೆ ಇಳಿಸಿದರು.

ಹಂತ 4: ಭೂಪಟ ಹರಡಿ, 1803ರಿಂದ 1848

ಇದನ್ನು ಪುಸ್ತಕದಲ್ಲಿ ಓದಬೇಡಿ, ಭೂಪಟದ ಮೇಲೆ ಬೆರಳಿಟ್ಟು ಓದಿ. 1803ರಲ್ಲಿ ಜೆಫರ್ಸನ್ ಫ್ರಾನ್ಸಿನಿಂದ ಲೂಯಿಸಿಯಾನ ಪ್ರಾಂತ್ಯವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡ. ಇಂದಿನ ಲೂಯಿಸಿಯಾನ ರಾಜ್ಯ ಅದರ ಒಂದು ಮೂಲೆ ಮಾತ್ರ. ಮಿಸಿಸಿಪ್ಪಿ ನದಿಯಿಂದ ರಾಕಿ ಪರ್ವತದವರೆಗೆ ಬೆರಳು ಎಳೆಯಿರಿ, ಅಷ್ಟೂ ಒಂದೇ ಕ್ರಯಪತ್ರದಲ್ಲಿ ಬಂತು. 1846ರಿಂದ 48ರ ಯುದ್ಧದಲ್ಲಿ ಸೋತ ಮೆಕ್ಸಿಕೊ ಕ್ಯಾಲಿಫೋರ್ನಿಯಾ ಮತ್ತು ನೈಋತ್ಯದ ಭಾಗ ಬಿಟ್ಟುಕೊಟ್ಟಿತು. ಅದೇ 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು.

ಈ ನೆಲ ಖಾಲಿ ಇರಲಿಲ್ಲ. 1830ರ ಕಾಯ್ದೆ ಹಿಡಿದು ಆಗ್ನೇಯದ ಬುಡಕಟ್ಟುಗಳನ್ನು ಮಿಸಿಸಿಪ್ಪಿಯ ಆಚೆಗೆ ಅಟ್ಟಿದರು. 1838-39ರಲ್ಲಿ ಚೆರೋಕಿ ಜನರನ್ನು ಸೈನ್ಯದ ಕಾವಲಿನಲ್ಲಿ ನಡೆಸಿದ ದಾರಿಗೆ "ಕಣ್ಣೀರಿನ ಹಾದಿ" ಎಂಬ ಹೆಸರು ನಿಂತಿದೆ. ಸಾವಿರಾರು ಜನ ಹಸಿವು, ಚಳಿ, ರೋಗದಿಂದ ಸತ್ತರು. ಅವರಿಗೆ ಲಿಪಿ ಇತ್ತು, ಪತ್ರಿಕೆ ಇತ್ತು, ಬರೆದ ಸಂವಿಧಾನವಿತ್ತು. ಪ್ರಜೆ ಎನಿಸಿಕೊಳ್ಳಲು ಅದ್ಯಾವುದೂ ಸಾಲಲಿಲ್ಲ.

ಹಂತ 5: ಅಂತರ್ಯುದ್ಧ, ಅವಸರ ಮಾಡದೆ

ಒಂದು ವಾರವನ್ನು ಪೂರ್ತಿ ಇದಕ್ಕೇ ಕೊಡಿ. ಪರೀಕ್ಷೆಯಲ್ಲೂ ಇದಕ್ಕೆ ತೂಕವಿದೆ, ದೇಶದ ಇತಿಹಾಸದಲ್ಲೂ ಇದೇ ನಡುಗಂಬ.

ಕಾರಣದಿಂದ ಆರಂಭಿಸಿ. 1793ರಲ್ಲಿ ಎಲೈ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಯಂತ್ರ ಮಾಡಿದ. ಬೀಜ ಬಿಡಿಸುವ ಕೆಲಸ ಹಗುರವಾದರೆ ಗುಲಾಮಗಿರಿ ಕುಗ್ಗಬೇಕಿತ್ತು. ಆದದ್ದು ತಿರುಗಾ ಮುರುಗಾ. ಹತ್ತಿ ಲಾಭದ ಬೆಳೆಯಾಯಿತು, ಬಿತ್ತನೆ ಹೆಚ್ಚಿತು, ಬಿಡಿಸುವ ಕೈಗಳು ಇನ್ನಷ್ಟು ಬೇಕಾದವು. 1860ರ ಜನಗಣತಿಯ ಹೊತ್ತಿಗೆ ದಕ್ಷಿಣದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು.

ಹೊಸದಾಗಿ ಸೇರಿದ ನೆಲದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬುದೇ ಜಗಳದ ಬೇರು. ನಾಲ್ಕನೇ ಹಂತದ ಭೂಪಟ ಇಲ್ಲಿ ಕೆಲಸಕ್ಕೆ ಬರುತ್ತದೆ. 1820ರ ಮಿಸೌರಿ ರಾಜಿಯಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶದಲ್ಲಿ ಗೆರೆ ಎಳೆದರು. 1854ರ ಕಾನ್ಸಸ್-ನೆಬ್ರಾಸ್ಕಾ ಕಾಯ್ದೆ ಆ ಗೆರೆ ಅಳಿಸಿ, ಅಲ್ಲಿನ ನಿವಾಸಿಗಳೇ ನಿರ್ಧರಿಸಲಿ ಎಂದಿತು, ಕಾನ್ಸಸ್‌ನಲ್ಲಿ ರಕ್ತ ಹರಿಯಿತು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಕೋರಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಪ್ಪು ಜನ ಈ ದೇಶದ ಪ್ರಜೆಗಳಾಗಲಾರರು ಎಂದು ತೀರ್ಪು ಕೊಟ್ಟಿತು. ನಮ್ಮ ದಾರದ ಅತ್ಯಂತ ಕತ್ತಲೆಯ ಗಂಟು ಇದು. 1860ರಲ್ಲಿ ಅಬ್ರಹಾಂ ಲಿಂಕನ್ ಗೆದ್ದರು. ಡಿಸೆಂಬರ್‌ನಲ್ಲಿ ದಕ್ಷಿಣ ಕೆರೊಲಿನಾ ಒಕ್ಕೂಟ ಬಿಟ್ಟಿತು, ಕೊನೆಗೆ 11 ರಾಜ್ಯಗಳು ಬಿಟ್ಟವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿತು.

1863ರ ಜನವರಿ 1ರ ವಿಮೋಚನಾ ಘೋಷಣೆ ಎಲ್ಲ ಗುಲಾಮರನ್ನೂ ಬಿಡಿಸಿತು ಎಂದು ಬರೆದುಕೊಳ್ಳಬೇಡಿ. ಅದು ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಡೆಲವೇರ್‌ನಂಥ ರಾಜ್ಯಗಳಲ್ಲಿ ಗುಲಾಮಗಿರಿ ಮುಂದುವರಿದಿತ್ತು. ದೇಶಾದ್ಯಂತ ಅದನ್ನು ಕೊನೆಗೊಳಿಸಿದ್ದು 1865ರ 13ನೇ ತಿದ್ದುಪಡಿ. ಅದೇ ವರ್ಷ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದ, 14ರ ರಾತ್ರಿ ಲಿಂಕನ್‌ಗೆ ಗುಂಡು ಬಿತ್ತು. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನ ಗುಲಾಮರಿಗೆ ಬಿಡುಗಡೆಯ ಆಜ್ಞೆ ತಲುಪಿದ್ದು ಜೂನ್ 19ಕ್ಕೆ. ಈಗ ನಿಮ್ಮ ಆಫೀಸಿಗೆ ರಜೆ ಕೊಡುವ ಜೂನ್‌ಟೀನ್ತ್ ಆ ದಿನವೇ.

ಇದೇ ಯುದ್ಧ ಉತ್ತರ ಕರ್ನಾಟಕದ ಹೊಲಗಳನ್ನೂ ಮುಟ್ಟಿತು. ಅಮೆರಿಕದ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ಬರುವುದು ನಿಂತಾಗ ಮುಂಬಯಿ ಪ್ರಾಂತ್ಯದ ಹತ್ತಿಗೆ ಚಿನ್ನದ ಬೆಲೆ ಬಂತು. ಅದರಲ್ಲಿ ಅಮೆರಿಕದಿಂದಲೇ ಬೀಜ ತಂದು 1840ರ ದಶಕದಿಂದ ಬೆಳೆಸುತ್ತಿದ್ದ "ಧಾರವಾಡ-ಅಮೆರಿಕನ್" ಹತ್ತಿಯೂ ಇತ್ತು.

ಎಚ್ಚರಿಕೆ: ಹಂತ 3ರ "ಕಾನ್ಫೆಡರೇಷನ್" 13 ರಾಜ್ಯಗಳ ಹಳೆಯ ಒಪ್ಪಂದ. ಇಲ್ಲಿಯ "ಕಾನ್ಫೆಡರಸಿ" ಒಡೆದು ಹೋದ ದಕ್ಷಿಣ. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿ ಅಭ್ಯಾಸ ಮಾಡಿ.

ಹಂತ 6: ಒಂದು ವಾಕ್ಯಕ್ಕೆ ಒಂದು ಇಡೀ ಪುಟ

1868ರ 14ನೇ ತಿದ್ದುಪಡಿಯ ಮೊದಲ ವಾಕ್ಯವನ್ನು ನೋಟ್‌ಬುಕ್‌ನಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ. ಅಮೆರಿಕದಲ್ಲಿ ಹುಟ್ಟಿದ, ಅಥವಾ ಇಲ್ಲಿ ಪೌರತ್ವ ಪಡೆದ, ಇದರ ಆಡಳಿತಕ್ಕೆ ಒಳಪಟ್ಟ ಎಲ್ಲರೂ ದೇಶದ ಪ್ರಜೆಗಳು, ತಾವಿರುವ ರಾಜ್ಯದ ಪ್ರಜೆಗಳು ಎಂಬುದು ಅದರ ಸಾರ. ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸಿಹಾಕಿದ ವಾಕ್ಯ ಇದು. ಹುಟ್ಟಿದವರಿಗೂ ಪಡೆದವರಿಗೂ ನಡುವೆ ಅದು ಹೆಚ್ಚುಕಡಿಮೆ ಮಾಡಲಿಲ್ಲ. ನೀವು ಪ್ರಮಾಣವಚನ ತೆಗೆದುಕೊಂಡ ದಿನ ನಿಮಗೆ ಸಿಗುವ ಸ್ಥಾನ ಈ ವಾಕ್ಯದೊಳಗೆ ಇದೆ.

ಅದರ ಜೊತೆಗೆ ಮೂರನ್ನು ಸಾಲಾಗಿ ಹಿಡಿಯಿರಿ: 13 ಬಿಡುಗಡೆ, 14 ಪೌರತ್ವ, 15 ಮತ. 1870ರ 15ನೇ ತಿದ್ದುಪಡಿ ಜನಾಂಗದ ಕಾರಣಕ್ಕೆ ಗಂಡಸರ ಮತ ಕಿತ್ತುಕೊಳ್ಳಬಾರದು ಎಂದಿತು. ಆದರೆ 1877ರಲ್ಲಿ ದಕ್ಷಿಣದಿಂದ ಕೇಂದ್ರದ ಸೇನೆ ಹಿಂದೆ ಸರಿದ ಮೇಲೆ ಮತಕ್ಕೆ ತೆರಿಗೆ, ಅಕ್ಷರ ಪರೀಕ್ಷೆ, ಬೆದರಿಕೆ ಎಲ್ಲವೂ ಬಂದವು. 1896ರಲ್ಲಿ ಸುಪ್ರೀಂ ಕೋರ್ಟು "ಬೇರೆಯಾದರೂ ಸಮಾನ" ಎಂಬ ಹೆಸರಿನಲ್ಲಿ ಕಪ್ಪು ಜನರಿಗೆ ಪ್ರತ್ಯೇಕ ರೈಲು ಡಬ್ಬಿ ಇಡುವುದನ್ನು ಎತ್ತಿಹಿಡಿಯಿತು.

ಹಂತ 7: ಬಾಗಿಲು ಮುಚ್ಚಿದ ಕಾಲ, 1882ರಿಂದ 1924

1869ರ ಮೇ 10ರಂದು ಯೂಟಾದ ಪ್ರೊಮೊಂಟರಿಯಲ್ಲಿ ಪೂರ್ವ ಪಶ್ಚಿಮದ ರೈಲು ಹಳಿ ಕೂಡಿದವು. ಪಶ್ಚಿಮದ ಹಳಿ ಹಾಸಿದ್ದು ಬಹುಪಾಲು ಚೀನೀ ಕೂಲಿಗಳು. ಹದಿಮೂರು ವರ್ಷದಲ್ಲಿ, 1882ರಲ್ಲಿ, ಚೀನೀ ಕಾರ್ಮಿಕರು ಬರಬಾರದೆಂದು ಕಾಯ್ದೆಯಾಯಿತು. 1917ರಲ್ಲಿ ಭಾರತವನ್ನೂ ಒಳಗೊಂಡ ಏಷ್ಯಾದ ದೊಡ್ಡ ಭಾಗಕ್ಕೆ ತಡೆ ಬಿತ್ತು.

ಈಗ ಕೆಂಪು ಪೆನ್ನಿನ ಪದಕ್ಕೆ ಬನ್ನಿ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟವರು. 1790ರ ಕಾಯ್ದೆಯ ಬಿಳಿಯ ಎಂಬ ಮಾತಿನಲ್ಲಿ ಭಾರತೀಯರೂ ಸೇರುತ್ತಾರೆ ಎಂದು ವಾದಿಸಿದರು. 1923ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಥಿಂಡ್‌ಗೆ ಕೊನೆಗೂ ಪೌರತ್ವ ಸಿಕ್ಕಿದ್ದು 1936ರಲ್ಲಿ, ಮಾಜಿ ಯೋಧ ಎಂಬ ಕಾರಣಕ್ಕೆ.

ಇದೇ ಕಾಲದಲ್ಲಿ ಬಾಗಿಲು ಇನ್ನೆರಡು ಕಡೆ ತೆರೆಯಿತು. 1920ರ 19ನೇ ತಿದ್ದುಪಡಿಯಿಂದ ಹೆಂಗಸರಿಗೆ ಮತದ ಹಕ್ಕು ಬಂತು. ಅದಕ್ಕಾಗಿ ಬದುಕು ಸವೆಸಿದ ಸೂಸನ್ ಬಿ. ಆಂಟನಿ ಹೆಸರು ಪಟ್ಟಿಯಲ್ಲಿದೆ. 1924ರಲ್ಲಿ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿತು, ಈ ನೆಲದಲ್ಲಿ ಎಲ್ಲರಿಗಿಂತ ಮೊದಲು ಇದ್ದವರಿಗೆ ಇಷ್ಟು ತಡವಾಗಿ.

ಹಂತ 8: ಇಪ್ಪತ್ತನೇ ಶತಮಾನವನ್ನು ಬೇಗ ದಾಟಿ, 1965ರಲ್ಲಿ ನಿಲ್ಲಿ

ಯುದ್ಧಗಳಿಗೆ ಒಂದು ಕೋಷ್ಟಕ ಸಾಕು. ಮೊದಲ ಮಹಾಯುದ್ಧಕ್ಕೆ 1917ರಲ್ಲಿ ಇಳಿದದ್ದು, ಅಧ್ಯಕ್ಷ ವುಡ್ರೊ ವಿಲ್ಸನ್. 1929ರ ಷೇರುಪೇಟೆ ಕುಸಿತ, ಮಹಾ ಆರ್ಥಿಕ ಕುಸಿತ, ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲದ 1933. ಆಗ ಬಂದವರು ಫ್ರಾಂಕ್ಲಿನ್ ರೂಸ್‌ವೆಲ್ಟ್, ನಿಮ್ಮ ಸಂಬಳದ ಚೀಟಿಯಲ್ಲಿ ಕಡಿತವಾಗುವ ಸೋಷಿಯಲ್ ಸೆಕ್ಯುರಿಟಿ ಅವರ ಕಾಲದ 1935ರ ಕಾಯ್ದೆ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ, ಎರಡನೇ ಮಹಾಯುದ್ಧ. ಅದರ ಬೆನ್ನಿಗೆ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದರು, ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದ ಪ್ರಜೆಗಳು. ಆಮೇಲೆ ಶೀತಲ ಸಮರ, ಕೊರಿಯಾ, ವಿಯೆಟ್ನಾಂ. ಶೀತಲ ಸಮರದಲ್ಲಿ ಅಮೆರಿಕದ ಮುಖ್ಯ ಚಿಂತೆ ಏನಿತ್ತು ಎಂದರೆ "ಕಮ್ಯುನಿಸಂ" ಎಂಬ ಒಂದೇ ಪದ.

ನಾಗರಿಕ ಹಕ್ಕುಗಳ ಚಳವಳಿಯನ್ನು ನಾಲ್ಕು ಮೆಟ್ಟಿಲಾಗಿ ಬರೆಯಿರಿ. 1954ರಲ್ಲಿ ಶಾಲೆಗಳಲ್ಲಿ ಪ್ರತ್ಯೇಕತೆ ಸಲ್ಲದು ಎಂಬ ತೀರ್ಪು. 1955ರ ಡಿಸೆಂಬರ್‌ನಲ್ಲಿ ಮಾಂಟ್‌ಗಮರಿಯ ಬಸ್ಸಿನಲ್ಲಿ ಕಪ್ಪು ಹೆಂಗಸು ರೋಸಾ ಪಾರ್ಕ್ಸ್ ಬಿಳಿಯರಿಗೆ ಸೀಟು ಬಿಡದೆ ಕೂತದ್ದು, 381 ದಿನ ಊರಿನ ಕಪ್ಪು ಜನ ಬಸ್ಸು ಹತ್ತದೆ ನಡೆದದ್ದು. 1964ರ ನಾಗರಿಕ ಹಕ್ಕುಗಳ ಕಾಯ್ದೆ. 1965ರ ಮತದಾನ ಹಕ್ಕುಗಳ ಕಾಯ್ದೆ. ಮಾರ್ಟಿನ್ ಲೂಥರ್ ಕಿಂಗ್ ಏನು ಮಾಡಿದರು ಎಂದು ಕೇಳಿದರೆ "ನಾಗರಿಕ ಹಕ್ಕುಗಳಿಗಾಗಿ ಹೋರಾಡಿದರು" ಎಂದರೆ ಸಾಕು.

ಅದೇ 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಲಸೆ ಕಾಯ್ದೆಗೆ ಸಹಿ ಹಾಕಿದರು. 1946ರ ಕಾಯ್ದೆ ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟರೂ ವರ್ಷಕ್ಕೆ ಬಿಟ್ಟುಕೊಳ್ಳುತ್ತಿದ್ದದ್ದು ಸುಮಾರು ನೂರೇ ಜನರನ್ನು. 1965ರ ಕಾಯ್ದೆ ಹುಟ್ಟಿದ ದೇಶ ನೋಡಿ ಅಳೆಯುವ ಆ ಕೋಟಾ ಪದ್ಧತಿಯನ್ನು ತೆಗೆದು, ಕೌಶಲ ಮತ್ತು ಕುಟುಂಬ ಸಂಬಂಧಕ್ಕೆ ಬೆಲೆ ಕೊಟ್ಟಿತು. ಕಪ್ಪು ಜನ ಬೀದಿಗಿಳಿದು ಎಬ್ಬಿಸಿದ ಸಮಾನತೆಯ ಗಾಳಿ ಇಲ್ಲದೆ ಈ ಕಾಯ್ದೆ ಬರುತ್ತಿರಲಿಲ್ಲ. ಇಲ್ಲಿ ಮನೆ ಮಾಡಿರುವ ಪ್ರತಿ ಕನ್ನಡಿಗ ಕುಟುಂಬವೂ ಆ ಚಳವಳಿಗೆ ಋಣಿ. ಇಂದು ಗ್ರೀನ್ ಕಾರ್ಡಿನ ಸಾಲು ಇಷ್ಟು ಉದ್ದವಿರಲು ಮುಖ್ಯ ಕಾರಣವಾದ, ಒಂದು ದೇಶಕ್ಕೆ ಶೇ. 7 ಎಂಬ ಮಿತಿ ಮಾತ್ರ 1990ರ ಕಾಯ್ದೆಯದು.

2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯೊಂದಿಗೆ ಈ ಭಾಗ ಮುಗಿಸಬಹುದು.

ಹಂತ 9: ಒಂದೇ ಹೆಸರಿನವರನ್ನು ಬೇರೆ ಮಾಡಿ

ಕೊನೆಯ ವಾರದ ಮೊದಲೆರಡು ದಿನ ಇದಕ್ಕೆ. ಪ್ಯಾರಿಸ್ ಒಪ್ಪಂದ ಮೂರು ಬಾರಿ ಬರುತ್ತದೆ: 1763 ಫ್ರಾನ್ಸಿನ ಸೋಲು, 1783 ಅಮೆರಿಕದ ಸ್ವಾತಂತ್ರ್ಯ, 1898 ಸ್ಪೇನಿನ ಸೋಲು. ರೂಸ್‌ವೆಲ್ಟ್ ಇಬ್ಬರು: ಇಪ್ಪತ್ತನೇ ಶತಮಾನದ ಆರಂಭದ ಥಿಯೋಡರ್, ಎರಡನೇ ಮಹಾಯುದ್ಧದ ಫ್ರಾಂಕ್ಲಿನ್. ಜಾನ್ಸನ್ ಇಬ್ಬರು, ಇಬ್ಬರೂ ಗುಂಡಿಗೆ ಬಲಿಯಾದ ಅಧ್ಯಕ್ಷರ ಜಾಗಕ್ಕೆ ಬಂದವರು: ಲಿಂಕನ್ ನಂತರ ಆಂಡ್ರ್ಯೂ, ಕೆನಡಿ ನಂತರ ಲಿಂಡನ್. "ಕಾಂಗ್ರೆಸ್" ಎಂದರೆ ಇಲ್ಲಿ ಪಕ್ಷವಲ್ಲ, ಸಂಸತ್ತು.

ಇಸವಿಯ ಮಾತಿಗೂ ಎಚ್ಚರ ಬೇಕು. "ಏಯ್ಟೀನ್ ಹಂಡ್ರೆಡ್ಸ್" ಎಂದರೆ ಹತ್ತೊಂಬತ್ತನೇ ಶತಮಾನ, "ನೈನ್ಟೀನ್ ಹಂಡ್ರೆಡ್ಸ್" ಎಂದರೆ ಇಪ್ಪತ್ತನೆಯದು. ಮೊದಲನೆಯದಕ್ಕೆ ಅಂತರ್ಯುದ್ಧ, ಎರಡನೆಯದಕ್ಕೆ ಎರಡನೇ ಮಹಾಯುದ್ಧ ಎಂದು ತಲಾ ಒಂದು ಉತ್ತರ ಗಟ್ಟಿ ಮಾಡಿಕೊಳ್ಳಿ.

ಹಂತ 10: ಕಣ್ಣಿನಿಂದ ಬಾಯಿಗೆ

ಓದಿದ್ದು ಬಾಯಿಗೆ ಬರದಿದ್ದರೆ ಈ ಪರೀಕ್ಷೆಯಲ್ಲಿ ಪ್ರಯೋಜನವಿಲ್ಲ. ಮಗ, ಸೊಸೆ, ಮೊಮ್ಮಗಳು ಯಾರಾದರೂ ಪಟ್ಟಿಯಿಂದ ಅಡ್ಡಾದಿಡ್ಡಿಯಾಗಿ 20 ಪ್ರಶ್ನೆ ಕೇಳಲಿ. ಪಟ್ಟಿಯ ಕ್ರಮದಲ್ಲೇ ಕೇಳಿದರೆ ಹಿಂದಿನ ಪ್ರಶ್ನೆ ಮುಂದಿನದಕ್ಕೆ ಸುಳಿವು ಕೊಡುತ್ತದೆ, ಸಂದರ್ಶನದಲ್ಲಿ ಆ ಸುಳಿವು ಇರುವುದಿಲ್ಲ. ಇಸವಿಯನ್ನು ಎರಡೆರಡು ಅಂಕಿಯಾಗಿ ಹೇಳಿ: "ಸೆವೆಂಟೀನ್, ಏಯ್ಟಿ ಸೆವೆನ್". "ಥರ್ಟೀನ್" ಮತ್ತು "ಥರ್ಟಿ", "ಫಿಫ್ಟೀನ್" ಮತ್ತು "ಫಿಫ್ಟಿ" ನಮ್ಮ ಬಾಯಲ್ಲಿ ಒಂದಕ್ಕೊಂದು ಬೆರೆತುಹೋಗುತ್ತವೆ. ಮೊದಲಿನವುಗಳಲ್ಲಿ ಕೊನೆಯ ಉಚ್ಚಾರವನ್ನು ಎಳೆದು ಹೇಳಿ. ಫೋನಿನಲ್ಲಿ ಮುದ್ರಿಸಿಕೊಂಡು ಒಮ್ಮೆ ಕೇಳಿ ನೋಡಿ.

ಒಂದು ಹೆಸರು ಕೇಳಿದರೆ ಒಂದೇ ಹೇಳಿ ನಿಲ್ಲಿಸಿ. ಗೊತ್ತಿದೆ ಎಂದು ನಾಲ್ಕು ಹೇಳಲು ಹೋದರೆ ನಾಲ್ಕನೆಯದು ತಪ್ಪಿ ಮೊದಲ ಮೂರನ್ನೂ ಅನುಮಾನಕ್ಕೆ ತಳ್ಳುತ್ತದೆ. ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಎಂದು ವಿನಂತಿಸಲು ಸಂಕೋಚ ಬೇಡ, ಅದಕ್ಕೆ ಅಂಕ ಕಡಿತವಿಲ್ಲ. ಅಧ್ಯಕ್ಷರು, ನಿಮ್ಮ ರಾಜ್ಯದ ಗವರ್ನರ್, ಸೆನೆಟರ್ ಇಂಥ ಹೆಸರುಗಳು ಸಂದರ್ಶನದ ದಿನ ಯಾರಿದ್ದಾರೋ ಅವರದ್ದೇ ಆಗಬೇಕು. ಹಿಂದಿನ ಸಂಜೆ ಅಷ್ಟನ್ನು ಮಾತ್ರ ಮತ್ತೊಮ್ಮೆ ಪರಿಶೀಲಿಸಿ. ಮೊದಲ ಸಲ ತೇರ್ಗಡೆಯಾಗದಿದ್ದರೆ, ಉತ್ತೀರ್ಣರಾಗದ ಭಾಗಕ್ಕೆ ಮಾತ್ರ 60ರಿಂದ 90 ದಿನಗಳೊಳಗೆ ಇನ್ನೊಮ್ಮೆ ಕರೆಯುತ್ತಾರೆ. ಅದಕ್ಕಾಗಿ ಹೊಸ ಅರ್ಜಿ ಹಾಕಬೇಕಿಲ್ಲ.